ಇಲ್ಲದ ಸರದಿ

ಬೈರತ್ತೆ ಕಬ್ಬು ತುಂಬಿದ ಟ್ರಾಕ್ಟರನ್ನೇ ತಂದು ನಮ್ಮ ಆಫೀಸಿನ ಬಾಗಿಲಿಗೆ ಅಡ್ಡ ನಿಲ್ಲಿಸಿದಾಗ ನನಗೆ ಮೊದಲು ಸಿಟ್ಟು ಬಂದದ್ದು ಅವಳ ಮೇಲೆ. ಪಾಂಡವಪುರದ ಆ ಗಲ್ಲಿಯಲ್ಲಿ ಸ್ಕೂಟರಿಗೇ ಜಾಗವಿಲ್ಲ. ಅವಳು ಒಳಗೆ ನುಗ್ಗಿ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದಳು.

"ಯಶೋಧರಾ, ಇದು ಹಸುರೋ ಅಲ್ವೋ ನೀನೇ ಯೋಳು. ಹಸುರು ಬಂದ್ರೆ ಸರದಿ ಸಿಕ್ತು ಅಂತ ನೀನೇ ತಾನೆ ಯೋಳ್ಕೊಟ್ಟಿದ್ದು? ನಂಬ್ಕಂಡು ಆಳು ಕರ್ಸಿ ಕಬ್ಬು ಕಡಿಸ್ಬುಟ್ಟೆ. ಆಲೆಮನೇಲಿ ನೋಡುದ್ರೆ ನಿನ್ ಯೆಸ್ರೇ ಇಲ್ಲ, ಓಗು ಅಂತಾರೆ!"

ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ತೂಕ ಇಳಿಯುತ್ತದೆ, ಕಬ್ಬಿನ ಹಾಲು ಹುಳಿಯಾಗುತ್ತದೆ, ಬೆಲ್ಲ ಅಚ್ಚಿಗೆ ನಿಲ್ಲುವುದಿಲ್ಲ. ಬೈರತ್ತೆ ನಮ್ಮ ಪಾಲಹಳ್ಳಿಯವಳೇ, ಎದುರುಮನೆ. ವರ್ಷಕ್ಕೆ ಅವಳಿಗಿರುವುದು ಅದೊಂದೇ ಬೆಳೆ.

ನಾನು ಬಿ.ಎಸ್ಸಿ. ಮುಗಿಸಿ, ಮೊಬೈಲಿನಲ್ಲಿ ವಿಡಿಯೋ ನೋಡುತ್ತಲೇ ರಿಯಾಕ್ಟ್ ಕಲಿತವಳು. ಜಾವಾಸ್ಕ್ರಿಪ್ಟಿನಲ್ಲಿ ವೆಬ್ ಆ್ಯಪ್ ಕಟ್ಟುವ ಸಲಕರಣೆಗಳ ಗಂಟು ಅದು. ಪರದೆಯ ಗುಂಡಿ, ಪಟ್ಟಿ, ಬಣ್ಣ ಎಲ್ಲವನ್ನೂ ಬಿಡಿ ತುಂಡುಗಳಾಗಿ ಬರೆದು ಜೋಡಿಸಬೇಕು. ಮೊದಮೊದಲು ತಲೆ ಕೆಟ್ಟುಹೋಗುತ್ತಿತ್ತು. ಒಂದು ಕಡೆ ಮುಟ್ಟಿದರೆ ಇನ್ನೆಲ್ಲೋ ಎಡವಟ್ಟು. ಕಲಿತದ್ದು ಕೈಗೆ ಹತ್ತುವಷ್ಟರಲ್ಲಿ ಹೊಸ ಆವೃತ್ತಿ ಬಂದು ಅದೂ ಹಳತು. ಹಠ ಹಿಡಿದು ಕಲಿತೆ. ಆ್ಯಪ್ ಬರೆದುಕೊಡುವ ನಾಗಾರ್ಜುನನ ಈ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅವನ ಅಪ್ಪ ಶಿವಣ್ಣನವರದು ಊರಾಚೆ ಆಲೆಮನೆ ಇದೆ. ಅಲ್ಲಿ ಕಬ್ಬು ಅರೆಯುವ ಸರದಿಯನ್ನು ಮೊಬೈಲಿನಲ್ಲೇ ಹಿಡಿಯುವ ಆ್ಯಪ್ ಬರೆದದ್ದು ನಾನೇ.

ನಾನು ಬರೆದದ್ದರಲ್ಲಿ ಗುಂಡಿ ಒತ್ತಿದರೆ ಮೊದಲು ಒಂದು ಚಕ್ರ ತಿರುಗಬೇಕು. ಸರದಿ ಸೇರಿತು ಎಂದು ಸರ್ವರಿನಿಂದ ಉತ್ತರ ಬಂದ ಮೇಲೆಯೇ ಹಸಿರು. ನಮ್ಮ ಗದ್ದೆ ಬಯಲಿನಲ್ಲಿ ನೆಟ್‌ವರ್ಕು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಹಾಗೆ ಬರೆದಿದ್ದೆ. ಬೈರತ್ತೆಯ ಮೊಬೈಲಿನಲ್ಲಿ ಒತ್ತಿ ನೋಡಿದೆ. ಚಕ್ರವೇ ಇಲ್ಲ. ಒತ್ತಿದ ಕೂಡಲೇ ಹಸಿರು.

"ಚಕ್ರ ಎಲ್ಲೋಯ್ತು ಸಾರ್?" ಎಂದು ನಾಗಾರ್ಜುನನನ್ನು ಪಕ್ಕಕ್ಕೆ ಕರೆದು ಕೇಳಿದೆ.

"ನಾನೇ ತೆಗ್ದೆ," ಎಂದ, ದನಿ ತಗ್ಗಿಸಿ. "ಬೇರೆ ಆಲೆಮನೆಯೋರ್ಗೆ ತೋರ್ಸುವಾಗ ತಿರುಗ್ತಾನೇ ಇತ್ತು, ನಗಾಡ್ಬುಟ್ರು. ಒತ್ತುದ್ ತಕ್ಷಣ ಬಣ್ಣ ಬಂದ್ರೆ ಚೆಂದ." ಆಮೇಲೆ ಬೈರತ್ತೆಯ ಕಡೆ ತಿರುಗಿ ಜೋರಾಗಿ, "ನಮ್ ಉಡ್ಗಿ ಹೊಸಬಳು ಕಣಮ್ಮ, ತಪ್ಪು ಮಾಡ್ಬುಟ್ಟವ್ಳೆ. ಮುಂದಿನ ವಾರ ನೋಡಾಣ ಬುಡು" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಬೈರತ್ತೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ನಿನ್ ಮಾತು ಅಂತ ನಂಬ್ದೆ ಕನವ್ವ" ಎಂದಳು, ಅಷ್ಟೆ. ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿ ಅವಳ ಜೊತೆ ಟ್ರಾಕ್ಟರು ಹತ್ತಿ, ಆಲೆಮನೆಗೆ ನಡಿ ಎಂದು ಡ್ರೈವರಿಗೆ ಹೇಳಿದೆ.

ಅಲ್ಲಿ ಚೌಡಯ್ಯ ಎಂಬವರ ಕಬ್ಬು ಗಾಣಕ್ಕೆ ಹೋಗುತ್ತಿತ್ತು. ಶಿವಣ್ಣ ಕೊಪ್ಪರಿಗೆಯ ಪಕ್ಕ ನಿಂತಿದ್ದರು. "ಬೆಳಿಗ್ಗೇನೆ ಯೋಳುದ್ನಲ್ಲ, ಕಂಪ್ಯೂಟ್ರು ನೋಡ್ಕಳೋನು ನನ್ ಮಗ, ಅವುನ್ನೇ ಕೇಳಿ" ಎಂದು ಮುಖ ತಿರುಗಿಸಿದರು.

"ಅವರನ್ನ ಕೇಳ್ಕಂಡೇ ಬಂದಿವ್ನಿ. ಈಗ ನೀವು ನೋಡಿ," ಎಂದು ಅವರ ಮುಂದೆಯೇ ನನ್ನ ಮೊಬೈಲಿನ ನೆಟ್ಟು ಬಂದ್ ಮಾಡಿದೆ. ಖಾಲಿ ದಿನವೊಂದನ್ನು ಒತ್ತಿದೆ. ಹಸಿರು ಬಂತು. "ಇದೇ ದಿನ ನಿಮ್ಮ ಮೊಬೈಲಲ್ಲಿ ನೋಡಿ. ನನ್ ಹೆಸರು ಅದಾ?"

ಇರಲಿಲ್ಲ. ಶಿವಣ್ಣ ಎರಡೂ ಮೊಬೈಲನ್ನು ಪಕ್ಕಪಕ್ಕ ಹಿಡಿದು ನೋಡಿದರು. ಮುಖ ಕಪ್ಪಿಟ್ಟಿತು.

"ಅಂಗಾರೆ ಈವಮ್ಮಂಗೆ ನಾವೇ ಮೋಸ ಮಾಡ್ದಂಗಾಯ್ತಲ್ಲ! ನಾಳಿಕೆ ನಮ್ ಸರದಿ. ನಮ್ ಕಬ್ಬು ಇನ್ನೂ ಗದ್ದೇಲಿ ನಿಂತದೆ, ನಿಂತಿರ್ಲಿ. ಚೌಡಯ್ಯಂದು ಮುಗೀತಿದ್ದಂಗೆ ಈವಮ್ಮಂದು ಆಕ್ರಲಾ" ಎಂದು ಆಳುಗಳಿಗೆ ಕೂಗಿ ಹೇಳಿದರು.

ಅಷ್ಟರಲ್ಲಿ ನಾಗಾರ್ಜುನ ಬೈಕಿನಲ್ಲಿ ಬಂದಿಳಿದ. "ನಮ್ಮಪ್ಪನ್ ಮುಂದೆ ಮಾನ ಕಳುದ್ಯಲ್ಲ. ನಾಳೆಯಿಂದ ಆಫೀಸಿಗೆ ಬರ್ಬೇಡ."

"ಬರಲ್ಲ," ಎಂದೆ.

ಅವನು ಅಪ್ಪನ ಕಡೆ ಒಮ್ಮೆ ನೋಡಿ, "ಆ ಚಕ್ರ ವಾಪಸ್ ಕೂರ್ಸ್‌ಬುಟ್ಟು ಓಗು" ಎಂದ. ಕೀಳಲು ಬಂದವನಿಗೆ ಕೂರಿಸಲು ಬರುತ್ತಿರಲಿಲ್ಲ.

ಬೈರತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಹೊಸಬಳ ಕೈಲಿ ಯಾಕಪ್ಪ ಮಾಡುಸ್ತೀಯ? ನೀನು ಹಳಬ ಅಲ್ವಾ, ನೀನೇ ಮಾಡು."

ನನಗೆ ಮಾಡಿಕೊಡಲೇಬಾರದು ಅನ್ನಿಸಿತು. ಮಣ್ಣು ಮುಕ್ಕಲಿ ಇವನು ಅನ್ನಿಸಿತು. ಆದರೆ ಆ ಸುಳ್ಳು ಹಸಿರನ್ನು ನಂಬಿ ಇವತ್ತು ಇನ್ಯಾರು ಕತ್ತಿ ಹಿಡಿದು ಗದ್ದೆಗೆ ಇಳಿದಿದ್ದಾರೋ. ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತು ಲ್ಯಾಪ್‌ಟಾಪು ತೆರೆದೆ. ಸಿಟ್ಟಿಗೆ ಬೆರಳುಗಳು ತಪ್ಪು ಅಕ್ಷರ ಒತ್ತುತ್ತಿದ್ದವು, ಅಳಿಸಿ ಅಳಿಸಿ ಬರೆದೆ.

ಮುಗಿಸಿ ಲ್ಯಾಪ್‌ಟಾಪನ್ನು ಅವನ ಕೈಗಿಟ್ಟೆ. ಅದು ಆಫೀಸಿನದೇ.

"ಈಗ ಬೈರತ್ತೆ ಮುಂದೆ ನಿಂತು, ಚಕ್ರ ತೆಗ್ದೋನು ನಾನು ಅಂತ ಒಂದ್ ಮಾತು ಹೇಳಿ ಸಾರ್."

ಶಿವಣ್ಣ ಕಾದರು. ಬೈರತ್ತೆ ಕಾದಳು. ಗಾಣದ ಹತ್ತಿರವಿದ್ದ ಆಳುಗಳೂ ಇತ್ತ ನೋಡಿದರು. ಅವನು ಲ್ಯಾಪ್‌ಟಾಪನ್ನು ಕಂಕುಳಿಗೆ ಸೇರಿಸಿ ಬೈಕಿನ ಕಡೆ ತಿರುಗಿದ.

"ಬುಡು ಮಗಾ," ಎಂದು ಬೈರತ್ತೆ ನನ್ನ ರಟ್ಟೆ ಹಿಡಿದಳು. "ಅವ್ನು ಯೋಳಾಗಂಟ ಕಾದ್ರೆ ನನ್ ಕಬ್ಬು ಒಣಗೋಯ್ತದೆ. ಇಳ್ಸಾಣ ಬಾ."