ಬೀಗರ ಕುರ್ಚಿಗಳು

ನೊರೆ ಸಾಲದು ಎಂದು ಹೇಳಿ ಪಕ್ಕದ ದೇಶ ನಮ್ಮ ಸಾಬೂನನ್ನು ಗಡಿಯಿಂದಲೇ ವಾಪಸ್ ಕಳಿಸಿತು. ನಮ್ಮ ದೇಶಕ್ಕೂ ಮಾನಮರ್ಯಾದೆ ಇದೆಯಲ್ಲ. ಮರುವಾರವೇ ಸುಂಕದ ಕಚೇರಿಗೆ ಮೇಲಿನಿಂದ ಪತ್ರ ಬಂತು: ಅವರ ಕುರ್ಚಿಗಳನ್ನು ತಪಾಸಣೆ ಮಾಡಿ, ಸೂಕ್ತ ದೋಷ ಕಂಡುಹಿಡಿದು, ಹಿಂದಿರುಗಿಸತಕ್ಕದ್ದು. ಎರಡೂ ದೇಶಗಳ ಸ್ನೇಹ ಎಂದಿನಂತೆ ಗಟ್ಟಿಯಾಗಿದೆ ಎಂದು ಕೊನೆಯ ಸಾಲಿನಲ್ಲಿ ಬರೆದಿತ್ತು.

ಪತ್ರ ಓದಿದ ತಪಾಸಣಾಧಿಕಾರಿ ಕಿಟಕಿಯತ್ತ ತಿರುಗಿದರು. ಹೊರಗೆ ಲಾರಿಯಲ್ಲಿ ಬಂದು ನಿಂತಿದ್ದ ನಾನೂರು ಕುರ್ಚಿಗಳು ಅವರ ಬೀಗರ ಕಾರ್ಖಾನೆಯವು. ಇದ್ದೊಬ್ಬ ಮಗಳನ್ನು ಗಡಿಯಾಚೆಯ ಆ ಮನೆಗೆ ಕೊಟ್ಟು ಎರಡು ವರ್ಷವಾಗಿತ್ತು. ಕುರ್ಚಿ ವಾಪಸ್ಸಾದರೆ ಆ ಮನೆಯಲ್ಲಿ ಅವಳು ತಲೆಯೆತ್ತಿ ಓಡಾಡುವುದು ಹೇಗೆ?

ಮಧ್ಯಾಹ್ನ ಅವಳದೇ ಫೋನು ಬಂತು. "ಅಪ್ಪಾ, ನಮ್ ಬೀಗರು ಸುಳ್ಳು ಬರೆಯೋರಲ್ಲ ಅಂತ ಮಾವ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದಾರೆ. ಕುರ್ಚಿ ಸರಿಯಾಗಿದ್ರೆ ಸರಿ ಅಂತ ಬರಿ, ಅಷ್ಟೇ."

"ಇಲ್ಲದ ತಪ್ಪು ನಾನು ಬರೆಯಲ್ಲ ಮಗಳೇ," ಎಂದರು ಅಧಿಕಾರಿ, ಕಡ್ಡಿ ಮುರಿದಂತೆ. ಅದಕ್ಕಾಗಿ ಎಲ್ಲಿಗೆ ಎತ್ತಂಗಡಿ ಮಾಡಿದರೂ ಹೋಗುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡರು.

ಹತ್ತಕ್ಕೆ ಒಂದರಂತೆ ನೋಡಿದರೆ ಸಾಕೆಂದು ನಿಯಮವಿದೆ. ಇವರು ಇಪ್ಪತ್ತಾರು ವರ್ಷಗಳಿಂದ ಪ್ರತಿಯೊಂದು ಕುರ್ಚಿಯಲ್ಲೂ ಕೂತು, ಹತ್ತು ಎಣಿಸಿ, ಎದ್ದವರು. ಕಚೇರಿಯಲ್ಲಿ ಇವರನ್ನು ಹಿಂದಿನಿಂದ 'ಕೂರಪ್ಪ' ಎಂದೇ ಕರೆಯುತ್ತಿದ್ದರು. ಎರಡನೆಯ ದಿನ ದೊಡ್ಡ ಸಾಹೇಬರು ಕುರ್ಚಿಗಳನ್ನು ಇಳಿಸಿದ್ದ ಉಗ್ರಾಣಕ್ಕೆ ಇಣುಕಿದರು.

"ಮೊಸರಲ್ಲಿ ಕಲ್ಲು ಹುಡುಕೋಕೆ ಎಷ್ಟು ದಿನ ಬೇಕ್ರೀ?"

"ಇನ್ನೂರಾಗಿದೆ ಸರ್. ಕಲ್ಲಿಲ್ಲ."

ಇನ್ನೂರ ಹದಿಮೂರನೆಯ ಕುರ್ಚಿಯಲ್ಲಿ ಏಳು ಎಣಿಸುವಷ್ಟರಲ್ಲಿ ಕೂರಪ್ಪ ನೆಲದ ಮೇಲಿದ್ದರು. ಸೊಂಟ ಹಿಡಿದುಕೊಂಡು ಎದ್ದು ನೋಡಿದರೆ, ಕಾಲಿನ ಸಂದಿಯೊಳಗೆ ಮರದ ಗೂಟವೇ ಇಲ್ಲ, ಬರೀ ಅಂಟು. ಪಕ್ಕದ್ದನ್ನು ಅಲ್ಲಾಡಿಸಿದರೆ ಕಾಲು ಕೈಗೇ ಬಂತು. ಅಲ್ಲಿಂದ ಕೊನೆಯವರೆಗೂ ಅದೇ ಕತೆ. ಲಾರಿಯ ಬಾಗಿಲ ಕಡೆ ಒಳ್ಳೆಯವು, ಒಳಗಡೆ ಇಂಥವು. ಹಿಂದೆಂದೂ ಬೀಗರು ಹೀಗೆ ಮಾಡಿರಲಿಲ್ಲ. ಸಂಬಂಧಿಕರು ಹಿಂದಿನ ಸಾಲಿನವರೆಗೆ ಯಾಕೆ ಹೋಗುತ್ತಾರೆ ಎಂದುಕೊಂಡಿರಬೇಕು. ಅಧಿಕಾರಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು.

ಇದ್ದದ್ದನ್ನು ಇದ್ದಂತೆ ಬರೆದರು. ವರದಿ ಓದಿ ದೊಡ್ಡ ಸಾಹೇಬರು ಬೆನ್ನು ತಟ್ಟಿದರು.

"ಅಂಟು! ಎಂಥಾ ತಲೆ ರೀ ನಿಮ್ದು! ನಮಗ್ಯಾರಿಗೂ ಇದು ಹೊಳೀತಾನೇ ಇರ್ಲಿಲ್ಲ."

"ನಿಜವಾಗ್ಲೂ ಬರೀ ಅಂಟೇ ಸರ್."

"ನನ್ನ ಹತ್ರಾನೂ ಬಿಟ್ಟುಕೊಡಲ್ಲ ನೋಡಿ!" ಎಂದು ಸಾಹೇಬರು ಮನಸಾರೆ ನಕ್ಕರು. ಪಕ್ಕದ ದೇಶ ಆ ವರದಿಯನ್ನು ಕಟ್ಟುಕತೆಯೆಂದು ಖಂಡಿಸಿತು. ಅಲ್ಲಿಗೆ ಎರಡೂ ಸರ್ಕಾರಗಳು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಂತಾಯಿತು.

ವರದಿ ಹೋದ ಮೂರನೆಯ ದಿನ ಮತ್ತೆ ಮಗಳ ಫೋನು. ಸ್ಪೀಕರ್ ಹಾಕಿದ್ದಳು. ಹಿಂದೆ ತಟ್ಟೆ ಸದ್ದು, ಬೀಗಿತ್ತಿಯ ಕೆಮ್ಮು.

"ಅಪ್ಪಾ, ಎಲ್ಲದಕ್ಕೂ ಗೂಟ ಹಾಕಿದ್ವಿ ಅಂತ ಮಾವ ಆಣೆ ಮಾಡ್ತಿದಾರೆ. ಮೇಲಿನವರು ಹೇಳಿದ್ರು ಅಂತ ಸುಳ್ಳು ಬರೆದ್ಯಾ? ಎಲ್ಲರೂ ಇಲ್ಲೇ ಕೂತಿದಾರೆ. ಹೇಳು."

ಕಿತ್ತುಬಂದ ಕಾಲು ಮೇಜಿನ ಮೇಲೇ ಇತ್ತು. ನಿಜ ನಾಲಿಗೆಯ ತುದಿಯವರೆಗೂ ಬಂತು. ಆಡಿಬಿಟ್ಟರೆ ಇವರ ಹೆಸರೇನೋ ಉಳಿಯುತ್ತದೆ. ಆದರೆ ಆ ಮಾವನ ಎದುರಿಗೆ ದಿನಾ ಊಟಕ್ಕೆ ಕೂರಬೇಕಾದವಳು ಅವಳು.

"ಹೌದು ಮಗಳೇ," ಎಂದರು. "ಸುಳ್ಳು ಬರೆದೆ."

ಬೀಗರ ದನಿ ಕೇಳಿಸಿತು. "ಬಿಡಮ್ಮಾ, ಅಪ್ಪನ್ನ ಏನೂ ಅನ್ಬೇಡ. ಪಾಪ, ಸರ್ಕಾರಿ ನೌಕರಿ. ನಾವು ಕ್ಷಮಿಸಿದೀವಿ ಅಂತ ಹೇಳು."