ಕೊನೆಯ ಐದು ನೀಲಿ ಪಟ್ಟಿಗಳು

ನೂಲಿಗೆ ಹಚ್ಚಿದ ಗಂಜಿ ಬಿಸಿಲಿಗೆ ಒಣಗುವಾಗ ಏಳುವ ಹುಳಿ ವಾಸನೆ ನನ್ನ ಬಾಲ್ಯದ್ದು. ನಾನು ಬೆಳೆದದ್ದು ಗಜೇಂದ್ರಗಡದ ನೇಕಾರರ ಓಣಿಯಲ್ಲಿ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ವಿದ್ಯಾರ್ಥಿನಿ ನೇತ್ರಾ ಹೊಸ ಸೀರೆಯನ್ನು ಮೇಜಿನ ಮೇಲೆ ಹರಡಿದಾಗ ಅದೇ ವಾಸನೆ ಬಂತು. ಅವಳ ತಾಯಿ ತಿಪ್ಪವ್ವ ಬೆಳಿಗ್ಗೆಯಷ್ಟೇ ಅದನ್ನು ಮಗ್ಗದಿಂದ ಇಳಿಸಿ ತಂದಿದ್ದಳು. ಸೆರಗಿನಿಂದ ನನ್ನ ಕುರ್ಚಿ ಒರೆಸಿಕೊಟ್ಟವಳೂ ಅವಳೇ.

ನಿವೃತ್ತ ಭೂಗೋಳ ಉಪನ್ಯಾಸಕಿಯೆಂದು ನನ್ನನ್ನೂ ರೋಣದ ಮಾಲತೇಶ ಮಾಸ್ತರರನ್ನೂ ತೀರ್ಪುಗಾರರಾಗಿ ಕರೆದಿದ್ದರು. ಗೆದ್ದವರು ಜಿಲ್ಲಾ ಸ್ಪರ್ಧೆಗೆ ಗದಗಿಗೆ ಹೋಗುತ್ತಾರೆ. ನೇತ್ರಾ ಗೆದ್ದರೆ ಮುಂದೆ ಓದಿಸುವುದು, ಸೋತರೆ ಮಗ್ಗಕ್ಕೆ ಕೂರಿಸುವುದು ಎಂದು ಅವಳಪ್ಪ ಎಲ್ಲರೆದುರೇ ಹೇಳಿದ್ದ.

"ಧ್ರುವದಾಗಿನ ಹಿಮಾನ ಉಪಗ್ರಹ ತೂಗತಾವ್ರಿ," ಎಂದಳು ನೇತ್ರಾ. "ಕರಗಿದ್ದು ಸಮುದ್ರಕ್ಕ ಕೂಡತೈತಿ. ಒಂದೊಂದ್ ವರ್ಷಕ್ಕ ಒಂದೊಂದ್ ನೀಲಿ ಪಟ್ಟಿ. ಹಿಂದ ಕರಗಿದ್ದನ್ನೂ ಕೂಡಿಸಿ ನೇಯ್ದೇವ್ರಿ, ಅದಕ್ಕ ಅಗಲ ಆಕ್ಕೋತ ಹೋಗತಾವು."

ನಾನು ಟೇಪು ಹಿಡಿದೆ. ಮೊದಲ ಹದಿನೈದು ಪಟ್ಟಿಗಳು ಅವಳು ಬರೆದು ತಂದ ಕಾಗದದ ಅಂಕಿಗೆ ಸರಿಯಾಗಿದ್ದವು. ಕೊನೆಯ ಐದೂ ಒಂದೇ ಅಗಲ. ಅದನ್ನು ಗಟ್ಟಿಯಾಗಿ ಹೇಳಿಬಿಟ್ಟೆ.

ಮಾಸ್ತರರು ನಕ್ಕರು. "ಏನವಾ, ಐದ ವರ್ಷದಿಂದ ಹಿಮ ಕರಗೂದ ನಿಂತೇತೇನ? ವಿಜ್ಞಾನಿಗಳಿಗೆ ಪತ್ರಾ ಬರಿ, ನಮ್ಮವ್ವ ಮಗ್ಗದಾಗ ನಿಲ್ಲಿಸ್ಯಾಳ ಅಂತ!"

ಮಕ್ಕಳೆಲ್ಲ ನಕ್ಕರು. ಗೋಡೆಗಾತು ನಿಂತಿದ್ದ ತಿಪ್ಪವ್ವ ಮುಂದೆ ಬಂದಳು.

"ತಪ್ಪು ನಂದ್ರಿ. ಪಟ್ಟಿ ಸಮ ಇಲ್ಲಂದ್ರ ಸಾವ್ಕಾರ ಸೀರಿ ತಗೊಳ್ಳದ ನಮ್ಮ ಮಾರಿ ಮ್ಯಾಲ ಒಗಿತಾನ್ರಿ. ಮಂದಿ ಮುಂದ ಮಗಳ ಸೀರಿ ಸೊಟ್ಟ ಕಾಣಬಾರದಂತ ಉಳಿದ ಐದು ಸಮಾ ಮಾಡಿದ್ನಿ. ಆಕಿಗೆ ಗೊತ್ತಿಲ್ರಿ."

ನೇತ್ರಾ ತಾಯಿಯ ಕಡೆ ತಿರುಗಿದಳು. "ಇಷ್ಟ ವರ್ಷ ನೇಯ್ದಿ, ಬರದು ಕೊಟ್ಟಷ್ಟು ಎಳಿ ಎಣಸಾಕ ಬರಲಿಲ್ಲ ನಿನಗ. ನೀ ಕಾಲಿಳಿಬಿಟ್ಟ ಕೂಡೂ ಮಗ್ಗದ ತಗ್ಗಿನ್ಯಾಗ ನನ್ನೂ ಹೂಳಿದಿ."

ಸಮವಿಲ್ಲದ ಪಟ್ಟಿಯ ಭಯ ಎಂಥದೆಂದು ಆ ಓಣಿಯಲ್ಲಿ ಬೆಳೆದ ನನಗೆ ಗೊತ್ತಿತ್ತು. ಆದರೂ ಅಳತೆ ಎಂದರೆ ಅಳತೆ ಎಂದು ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಅಂಕದ ಹಾಳೆಯಲ್ಲಿ ನಿಖರತೆಯ ಮುಂದೆ ದುಂಡಗೆ ಸೊನ್ನೆ ಬರೆದೆ. ಸೋಡಾ ಉಕ್ಕಿಸುವ ಮಣ್ಣಿನ ಜ್ವಾಲಾಮುಖಿಗೆ ಬಹುಮಾನ ಬಂತು.

"ನಾಳಿಂದ ಸಾಲಿ ಸಾಕು," ಎಂದು ನೇತ್ರಾಳ ಅಪ್ಪ ಬಾಗಿಲಲ್ಲೇ ಹೇಳಿದ. ನೇತ್ರಾ ಅವನ ಹಿಂದೆ ಹೊರಟಳು. ತಾಯಿ ಚಾಚಿದ ಬುತ್ತಿಯ ಗಂಟನ್ನು ಮುಟ್ಟಲಿಲ್ಲ.

ಊಟದ ಹೊತ್ತು ಮೀರಿತ್ತು. ಸಕ್ಕರೆ ಕಾಯಿಲೆಯವಳು ನಾನು. ಟೇಪು ಸುತ್ತುವಾಗ ಕೈ ನಡುಗುತ್ತಿತ್ತು. ತಿಪ್ಪವ್ವ ಸೀರೆ ಮಡಚುತ್ತಲೇ ಅದನ್ನು ನೋಡಿದಳು. ಟೇಪನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, ಗಂಟು ಬಿಚ್ಚಿ, ಮಗಳ ರೊಟ್ಟಿ, ಶೇಂಗಾ ಚಟ್ನಿಯನ್ನು ನನ್ನ ಅಂಗೈ ಮೇಲಿಟ್ಟಳು.