ಜೋಸ್ರಾನ್ ದಣಿಯ ಕೈಗವಸು

ಅರ್ಧ ಆಯಸ್ಸು ಬೇರೆಯವರ ಬಾವುಟದ ಕೆಳಗೆ ಕಾದಾಡಿದ ಜೋಸ್ರಾನ್ ದಣಿಗೆ ಜೆರುಸಲೇಮಿನ ರಾಜರು ಕೊನೆಗೂ ನಮ್ಮ ಬೆಟ್ಟದೂರನ್ನು ಉಂಬಳಿ ಕೊಟ್ಟರು. ನಾನು ತೆಕ್ಲಾ, ಇದೇ ಊರಿನವಳು, ಕೋಟೆಯಲ್ಲಿ ಅಡುಗೆಯವಳು. ಶಿಲುಬೆಯ ಯುದ್ಧಕ್ಕೆಂದು ಕಡಲಾಚೆಯಿಂದ ಬಂದ ಈ ಫ್ರಾಂಕರೆಂದರೆ ನನಗೆ ಅಷ್ಟಕ್ಕಷ್ಟೆ. ಆದರೂ ದಣಿ ಸಂಜೆ ಹೊತ್ತು ಕೋಟೆಗೋಡೆ ತಡವುತ್ತ "ಇದು ನಂದು ತೆಕ್ಲಾ" ಎಂದಾಗಲೆಲ್ಲ "ಹೂಂ ದಣಿ, ನಿಮ್ದೇ" ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಅವರು ಮಾತಾಡುತ್ತಲೇ ಕುದಿಯುವ ಬೇಳೆ ಪಾತ್ರೆಯನ್ನು ಒಲೆಯಿಂದ ಬರಿಗೈಯಲ್ಲಿ ಎತ್ತಿದರು. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತು, ಅವರಿಗೆ ಮಾತ್ರ ಏನೂ ತಿಳಿಯಲಿಲ್ಲ. ನೋವೇ ತಿಳಿಯದ ಕೈ ಕುಷ್ಠದ ಗುರುತೆಂದು ನಮ್ಮಿಬ್ಬರಿಗೂ ಗೊತ್ತಿತ್ತು; ಮರುದಿನದಿಂದ ದಣಿ ಕೈಗವಸು ಹಾಕಿದರು. ಕುಷ್ಠ ತಗುಲಿದ ದಣಿ ಉಂಬಳಿ ಬಿಟ್ಟು, ಜೆರುಸಲೇಮಿನ ಗೋಡೆಯಾಚೆಯ ಕುಷ್ಠರೋಗಿಗಳ ಮಠ ಸೇರಬೇಕು. ಫ್ರಾಂಕರ ಕಾನೂನೇ ಹಾಗೆ.

ಅಷ್ಟರಲ್ಲಿ ದಣಿಯ ಕೈಕೆಳಗಿನ ಸವಾರರು ಅವರಿಗೆ ನಿಷ್ಠೆಯ ಪ್ರಮಾಣ ಮಾಡುವ ದಿನ ಹತ್ತಿರ ಬಂತು. ಮಂಡಿಯೂರಿ, ಜೋಡಿಸಿದ ಕೈಗಳನ್ನು ದಣಿಯ ಬರಿಗೈಗಳ ನಡುವೆ ಇಡಬೇಕು. ದಣಿ ಅವರ ತುಟಿಗೆ ಮುತ್ತಿಡಬೇಕು. ಕೈಗವಸು ಹಾಕಿಕೊಂಡರೆ ಆ ಪ್ರಮಾಣ ಸಲ್ಲುವುದಿಲ್ಲ. ಹಿಂದಿನ ರಾತ್ರಿ ದಣಿ ಅಡುಗೆಮನೆಗೆ ಬಂದರು.

"ನಾಳೆ ಒಂದು ದಿನ ಬಾಯಿ ಮುಚ್ಕೊಂಡಿರು ತೆಕ್ಲಾ."

"ನಾ ಮುಚ್ಕೋತೀನಿ ದಣಿ. ನಿಮ್ಮ ಮನಸ್ಸು ಸುಮ್ನಿರ್ತದಾ?"

"ನಿನ್ನ ನಾಲಿಗೆಯ ಖಾರ ನಿನ್ನ ಸಾರಲ್ಲೂ ಇಲ್ಲ ಬಿಡು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಮೊದಲು ಮಂಡಿಯೂರಿದವನು ಥಿಯರಿ, ದಣಿಯ ಅಕ್ಕನ ಮಗ. ಆ ವಸಂತದಲ್ಲಷ್ಟೇ ಹಡಗಿಳಿದು ಬಂದಿದ್ದ. ಕೈ ಜೋಡಿಸಿ ಮುಖವೆತ್ತಿದ. ದಣಿ ಕೈಗವಸು ಕಳಚಿ ಬಾಗಿದರು, ಬಾಗಿದವರು ಹಾಗೇ ನಿಂತುಬಿಟ್ಟರು.

"ಏಳಪ್ಪಾ. ನನ್ನ ಮುಟ್ಟಬೇಡ."

"ಯಾಕೆ ಮಾವ, ನನ್ನ ಮೇಲೆ ನಂಬ್ಕೆ ಇಲ್ವಾ?"

"ಇದೆ ಕಣೋ. ಅದಕ್ಕೇ ಹೇಳ್ತಿರೋದು."

ಇನ್ನೂ ಮಾಯದ ಸುಟ್ಟಗಾಯವಿದ್ದ ಅಂಗೈಯನ್ನು ಎಲ್ಲರಿಗೂ ತೋರಿಸಿ, "ನೋವೇ ತಿಳಿಯಲ್ಲ" ಎಂದರು ದಣಿ. ಪ್ರಮಾಣ ಮಾಡಿಸಲು ಬಂದಿದ್ದ ಪಾದ್ರಿಯೇ ಮೊದಲು ಹಿಂದೆ ಸರಿದ, ಆಮೇಲೆ ಸವಾರರು. ಥಿಯರಿ ಮಾತ್ರ ಜೋಡಿಸಿದ ಕೈ ಬಿಡಿಸದೆ ಅಲ್ಲೇ ಅಳುತ್ತ ಕೂತಿದ್ದ.

ಮರುದಿನ ಮಧ್ಯಾಹ್ನ ದಣಿ ಮಠಕ್ಕೆ ಹೊರಟರು. ಕೋಟೆ ಬಾಗಿಲ ಬಳಿ ಅಭ್ಯಾಸಬಲದಿಂದ ಗೋಡೆಯತ್ತ ಕೈ ಚಾಚಿ, ಜನರನ್ನು ಕಂಡು ಹಿಂದಕ್ಕೆಳೆದುಕೊಂಡರು.

"ಮುಟ್ಟಿ ದಣಿ. ಕಲ್ಲಿಗೇನಾಗ್ತದೆ" ಎಂದೆ.

ಅಂಗೈಯನ್ನು ಗೋಡೆಗೆ ಒತ್ತಿ ಬಹಳ ಹೊತ್ತು ನಿಂತರು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು: "ತಣ್ಣಗಿದೆಯಾ ತೆಕ್ಲಾ?"

ನಾನೂ ಕೈಯಿಟ್ಟು ನೋಡಿದೆ. ಬಿಸಿಲಿಗೆ ಕಾದಿತ್ತು.

"ಬೆಚ್ಚಗಿದೆ ದಣಿ" ಎಂದೆ.